ಉಳಿದ ಉಲನ್ ದಾರ ಎಸೆಯಬೇಡಿ. ಹಾಗಂತ ಹೇಗೋ ಮುಗಿಸಲೂ ಬೇಡಿ

ಕಳೆದ ಚಳಿಗಾಲದ ಮಾತು. ಚಿಕ್ಕೋಡಿ ಕಡೆಯ ನಮ್ಮ ಬಾಡಿಗೆ ಮನೆಯ ಕಪಾಟಿನ ಮೇಲೆ ಮೂರು ಚೀಲ ತುಂಬಾ ಉಲನ್ ದಾರ ಬಿದ್ದಿತ್ತು. ಕೆಂಪು ಒಂದು ಹಿಡಿ, ಹಳದಿ ಅರ್ಧ ಉಂಡೆ, ಹಸಿರು ನಾಲ್ಕು ಮಾರು. ಸಂಜೆ ಹೊತ್ತು ಮನೆಗೆ ಬಂದು ಕ್ರೋಶಾ ಕಲಿಯುವ ಹೆಣ್ಣುಮಕ್ಕಳು ಸ್ವೆಟರ್, ತೋರಣ, ಟೇಬಲ್ ಕವರ್ ಮಾಡಿ ಮುಗಿಸಿದ ಮೇಲೆ ಉಳಿದ ದಾರ ಅದು. ಎಸೆಯಲು ಮನಸ್ಸಿಲ್ಲ, ಇಟ್ಟುಕೊಂಡರೆ ಇಲಿಗೆ ಗೂಡು. ಇಂಥ ಚೀಲ ಒಂದಲ್ಲ ಒಂದು ಮೂಲೆಯಲ್ಲಿ ಓದುಗ ಸಹೋದರಿಯರಲ್ಲಿ ಅನೇಕರ ಮನೆಯಲ್ಲಿಯೂ ಉಂಟು ಅಂತ ನಮಗೆ ಗೊತ್ತು. ಆ ಚೀಲದ ಕಥೆಯನ್ನೇ ಇಂದು ಹೇಳುತ್ತೇವೆ. ಅದರಲ್ಲಿ ನಾವು ಮಾಡಿದ ತಪ್ಪು, ಕಲಿತ ಪಾಠ ಎರಡೂ ಇವೆ.

ನಾವು ಕರಾವಳಿಯವರು. ಮದ್ರಸದ ಕೆಲಸಕ್ಕಾಗಿ ಈ ಗಡಿನಾಡಿಗೆ ಬಂದು ಕೆಲವು ವರ್ಷಗಳಾದವು. ಊರಲ್ಲಿ ಉಸ್ತಾದ್ ಆಗಿದ್ದವರು ಇಲ್ಲಿ ಹಜರತ್ ಆದೆವು, ನಮ್ಮ ಮನೆಯವರು ಆಪಾ ಆದರು. ಚಿಕ್ಕೋಡಿ, ರಾಯಬಾಗ, ಅಥಣಿ, ಈಚೆಗೆ ತಾಲ್ಲೂಕುಗಳಾದ ನಿಪ್ಪಾಣಿ ಮತ್ತು ಕಾಗವಾಡ ಎಲ್ಲ ಸೇರಿ ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ಕಬ್ಬಿನ ಸೀಮೆ. ಮನೆಮಾತು ಕೆಲವರಿಗೆ ಕನ್ನಡ, ಕೆಲವರಿಗೆ ಮರಾಠಿ, ನಮ್ಮ ಜಮಾಅತಿನವರಲ್ಲಿ ಹೆಚ್ಚಿನವರಿಗೆ ದಖನಿ ಉರ್ದು. ಕ್ರೋಶಾದ ಪಾಠದಲ್ಲಿಯೂ ಮೂರು ಭಾಷೆ ಬೆರೆಯುತ್ತದೆ. ನಾವು ಸರಪಳಿ ಅಂದರೆ ಇಲ್ಲಿನ ಮಕ್ಕಳು ಸಾಖಳಿ ಅಂತಾರೆ, ಕಂಬ ಅಂದರೆ ಖಾಂಬ ಅಂತಾರೆ, ಗಿಡ್ಡ ಕಂಬಕ್ಕೆ ಮುಕಾ ಖಾಂಬ ಅಂತಾರೆ. ಹೆಸರು ಯಾವುದಾದರೇನು, ಕೈಯ ಕೆಲಸ ಒಂದೇ. ಕೊಕ್ಕೆಯ ತುದಿಯಲ್ಲಿ ದಾರವನ್ನು ಎಳೆದು ಕುಣಿಕೆ ಮಾಡುವುದು, ಆ ಕುಣಿಕೆಯೊಳಗಿಂದ ಇನ್ನೊಂದು ಕುಣಿಕೆ ಎಳೆಯುವುದು.

ನಮ್ಮ ಕರಾವಳಿಗೂ ಈ ಸೀಮೆಗೂ ಹಳೆಯ ನಂಟು ಒಂದುಂಟು. ಮಂಗಳೂರು ಸುತ್ತಮುತ್ತ ನಮ್ಮ ಉಮ್ಮಂದಿರು ಮೊರ ಮಡಿಲಲ್ಲಿಟ್ಟುಕೊಂಡು ಬೀಡಿ ಕಟ್ಟಿ ಮನೆ ನಡೆಸಿದವರು. ನಿಪ್ಪಾಣಿ ಅಂದರೆ ಬೀಡಿ ತಂಬಾಕಿನ ಪೇಟೆ. ಬೀಡಿ ಕಟ್ಟುವ ನೂಲು ಸ್ವಲ್ಪ ಉಳಿದರೆ ಅದನ್ನು ಕಡ್ಡಿಗೆ ಸುತ್ತಿ ಮಾಡಿನ ಸಂದಿಯಲ್ಲಿಡುವ ಪದ್ಧತಿ ನಮ್ಮ ಮನೆಯಲ್ಲಿತ್ತು. ಹೂ ಕಟ್ಟಲಿಕ್ಕೆ, ಹರಿದ ಚೀಲ ಹೊಲಿಯಲಿಕ್ಕೆ, ಗಾಳಿಪಟಕ್ಕೆ ಅಂತ ಆ ನೂಲು ಒಂದಲ್ಲ ಒಂದು ದಿನ ಕೆಲಸಕ್ಕೆ ಬರುತ್ತಿತ್ತು. ಹಾಗಾಗಿ ಆ ಮೂರು ಚೀಲ ನೋಡಿದಾಗಲೆಲ್ಲ ನಮಗೆ ಸಮಾಧಾನ ಇರಲಿಲ್ಲ.

ಕಬ್ಬಿನ ಗದ್ದೆಯ ಕೂಸುಗಳು

ಇಲ್ಲಿ ದೀಪಾವಳಿ ಹೊತ್ತಿಗೆ ಸಕ್ಕರೆ ಕಾರ್ಖಾನೆಗಳು ಶುರುವಾಗುತ್ತವೆ. ಉಗಾರ ಖುರ್ದ, ಅಥಣಿ, ಚಿಕ್ಕೋಡಿ, ನಿಪ್ಪಾಣಿ ಅಂತ ಎತ್ತ ಹೋದರೂ ಕಬ್ಬು ಹೇರಿದ ಟ್ರ್ಯಾಕ್ಟರುಗಳ ಸಾಲು. ಕಬ್ಬು ಕಡಿಯಲು ಮಹಾರಾಷ್ಟ್ರದ ಬೀಡ್ ಕಡೆಯಿಂದ, ನಮ್ಮದೇ ವಿಜಯಪುರ ಕಡೆಯಿಂದ ಗುಂಪು ಗುಂಪಾಗಿ ಕೂಲಿಗಳು ಬರುತ್ತಾರೆ. ಗಂಡ ಹೆಂಡತಿ ಇಬ್ಬರನ್ನೂ ಸೇರಿಸಿ ಒಂದು ‘ಕೊಯ್ತಾ’ ಅಂತ ಲೆಕ್ಕ. ಕೊಯ್ತಾ ಅಂದರೆ ಕಬ್ಬು ಕಡಿಯುವ ಕತ್ತಿ. ಮಾರ್ಚ್ ತನಕ ಹೊಲದ ಬದಿಯಲ್ಲಿ, ಕಾರ್ಖಾನೆಯ ಹತ್ತಿರದ ಬಯಲಿನಲ್ಲಿ ತಾಡಪಾಲು, ಕಬ್ಬಿನ ಸೋಗೆ ಹೊದಿಸಿದ ಗುಡಿಸಲುಗಳಲ್ಲಿ ಅವರ ವಾಸ. ನಸುಕಿನಲ್ಲಿ ಎದ್ದು ಹೋಗುವ ತಾಯಿಯ ಜೊತೆ ಹಾಲು ಕುಡಿಯುವ ಕೂಸೂ ಹೋಗಬೇಕು. ಕರಾವಳಿಯವರಾದ ನಮಗೆ ಇಲ್ಲಿನ ಡಿಸೆಂಬರ್ ಚಳಿ ಹೊಸದು. ಬೆಳಗಿನ ನಮಾಝಿಗೆ ಹೊರಟರೆ ಕಿವಿ ಮರಗಟ್ಟುತ್ತದೆ. ನಮಗೇ ಹೀಗಾದರೆ ಸೋಗೆಯ ಗುಡಿಸಲಿನ ಕೂಸಿಗೆ ಹೇಗೆ?

ಚಳಿಯಲ್ಲಿ ಎಳೆಗೂಸಿಗೆ ದೊಡ್ಡವರಿಗಿಂತ ಹೆಚ್ಚು ಅಪಾಯ. ಮೈಯ ಅಳತೆಗೆ ಹೋಲಿಸಿದರೆ ಅದರ ತಲೆ ದೊಡ್ಡದು, ಅಲ್ಲಿಂದ ಶಾಖ ಬೇಗ ಹೋಗುತ್ತದೆ. ಎರಡೂವರೆ ಕಿಲೋಗಿಂತ ಕಡಿಮೆ ತೂಕದ ಕೂಸಾದರೆ ಮೈಯಲ್ಲಿ ಕೊಬ್ಬೂ ಕಡಿಮೆ, ಶಾಖ ಹಿಡಿದಿಟ್ಟುಕೊಳ್ಳಲು ಆಗುವುದಿಲ್ಲ. ಅಂಥ ಕೂಸನ್ನು ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಇಟ್ಟು, ತಲೆಗೆ ಟೊಪ್ಪಿ, ಕಾಲಿಗೆ ಕಾಲುಚೀಲ ಹಾಕುವ ಕಾಂಗರೂ ಆರೈಕೆಯನ್ನು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ. ನಮ್ಮ ಹಿರಿಯರು ಕೂಸಿಗೆ ಕುಲಾವಿ, ಕುಂಚಿಗೆ ಹಾಕದೆ ಹೊರಗೆ ತರುತ್ತಿರಲಿಲ್ಲ. ಅದು ಬರೀ ಅಂದಕ್ಕಾಗಿ ಆಗಿರಲಿಲ್ಲ.

ಹಾಗಾಗಿ ನಾವು ತೀರ್ಮಾನ ಮಾಡಿದೆವು. ಮೂರು ಚೀಲ ದಾರವೂ ಆ ಕೂಸುಗಳಿಗೆ. ಹೆಣ್ಣುಮಕ್ಕಳು ಖುಷಿಯಿಂದ ಒಪ್ಪಿದರು. ಇಪ್ಪತ್ತು ದಿನದಲ್ಲಿ ಹದಿನೆಂಟು ಟೊಪ್ಪಿ, ಎರಡು ಹೊದಿಕೆ ಸಿದ್ಧವಾಯಿತು.

ಮೊದಲ ತಪ್ಪು

ತೆಗೆದುಕೊಂಡು ಹೋದ ದಿನ ಒಬ್ಬ ತಾಯಿ ಹೊದಿಕೆಯನ್ನು ಬಿಚ್ಚಿ, ಸೂರ್ಯನಿಗೆ ಹಿಡಿದು ನೋಡಿದರು. ಚೌಕ ಚೌಕದ ಬಣ್ಣಗಳ ನಡುವೆ ಬೆಳಕು ಜರಡಿಯಂತೆ ಬಿತ್ತು. ನಮ್ಮ ಮನೆಯವರ ಕಡೆ ತಿರುಗಿ ಅವರು ಹೇಳಿದ್ದು ಇಷ್ಟೆ: “ಅಕ್ಕಾರ, ಭಾಳ ಚಂದ ಐತ್ರಿ. ಆದ್ರ ಇದರಾಗ ಗಾಳಿ ಆರಪಾರ ಹೋಗತೈತಿ. ರಾತ್ರಿ ಕೂಸಿಗೆ ಹೊದಿಸಿದ್ರ ಏನ ಉಪಯೋಗ?”

ನಮಗೆ ಮಾತು ಹೊರಡಲಿಲ್ಲ. ಅದೇ ದಿನ ಇನ್ನೊಂದು ಗುಡಿಸಲಿನಲ್ಲಿ ಟೊಪ್ಪಿ ಕೂಸಿನ ಮೂಗಿನ ತನಕ ಇಳಿಯಿತು. ಮತ್ತೊಂದು ಟೊಪ್ಪಿಗೆ ನಮ್ಮ ಹುಡುಗಿ ಪ್ರೀತಿಯಿಂದ ಮೊಳದುದ್ದದ ಲಾಡಿ ಕಟ್ಟಿದ್ದಳು. ಆ ಲಾಡಿ ಕೂಸಿನ ಕುತ್ತಿಗೆಗೆ ಸುತ್ತಿಕೊಂಡರೆ ಗತಿ ಏನು ಅಂತ ಅಲ್ಲಿ ನೋಡಿದ ಮೇಲೆ ಹೊಳೆಯಿತು. ಗುಡಿಸಲಿನೊಳಗೆ ಮೂರು ಕಲ್ಲಿನ ಒಲೆ, ಅದರಿಂದ ಎರಡು ಮೊಳದಲ್ಲಿ ಕೂಸಿನ ಜೋಳಿಗೆ. ನಾವು ಕೊಟ್ಟ ದಾರ ಆಕ್ರಿಲಿಕ್ಕಿನದು. ಕಿಡಿ ಬಿದ್ದರೆ ಕರಗಿ ಚರ್ಮಕ್ಕೆ ಅಂಟುವಂಥದ್ದು.

2019ರ ಆಗಸ್ಟಿನಲ್ಲಿ ನದಿಗಳು ಉಕ್ಕಿ ಈ ಸೀಮೆಯ ಅನೇಕ ಊರುಗಳಿಗೆ ನೀರು ನುಗ್ಗಿದ್ದು ನಿಮಗೆ ನೆನಪಿರಬಹುದು. ಆಗ ಪರಿಹಾರಕ್ಕೆ ಬಂದ ಹಳೆ ಬಟ್ಟೆಗಳ ರಾಶಿಯಲ್ಲಿ ಉಡಲು ಬರುವಂಥದ್ದು ಹುಡುಕಬೇಕಾಗಿತ್ತು ಅಂತ ಇಲ್ಲಿಯವರು ಈಗಲೂ ಹೇಳುತ್ತಾರೆ. ಕೊಟ್ಟವರ ಕಪಾಟು ಖಾಲಿಯಾಯಿತು, ಪಡೆದವರ ಚಳಿ ಹಾಗೇ ಉಳಿಯಿತು. ನಮ್ಮ ಹದಿನೆಂಟು ಟೊಪ್ಪಿಯ ಕಥೆಯೂ ಸ್ವಲ್ಪ ಅದೇ. ನೀವೇ ಕಣ್ಣು ಮುಚ್ಚಿಕೊಂಡಲ್ಲದೆ ತೆಗೆದುಕೊಳ್ಳದ ವಸ್ತುವನ್ನು ದಾನಕ್ಕೆ ಆರಿಸಬೇಡಿ ಎಂಬ ಅರ್ಥದ ಆಯತ್ತನ್ನು (ಅಲ್ ಬಖರ, 267) ನಾವು ಮಕ್ಕಳಿಗೆ ವರ್ಷಾವರ್ಷ ಕಲಿಸುತ್ತೇವೆ. ಕಲಿಸುವವರಿಗೂ ಪಾಠ ಬೇಕಾಗುತ್ತದೆ.

ಕೌದಿಯ ಆಯಿ ಕಲಿಸಿದ್ದು

ಪಕ್ಕದ ಓಣಿಯಲ್ಲಿ ಕೌದಿ ಹೊಲಿಯುವ ಒಬ್ಬ ಆಯಿ ಇದ್ದಾರೆ. ವಾಪಸ್ ತಂದ ಹೊದಿಕೆಯನ್ನು ನೋಡಿ ನಕ್ಕರು. “ಇದಕ್ಕ ಅಸ್ತರ ಹಚ್ಚರಿ. ಬರೇ ಜಾಳಿಗಿ ಹೊದ್ದರ ಥಂಡಿ ನಿಲ್ಲತೈತೇನು?” ಅಂದರು. ಅವರೇ ಒಂದು ಹಳೆ ಇಳಕಲ್ ಸೀರೆಯ ಮೆತ್ತನೆ ಭಾಗ ಹುಡುಕಿ, ಎರಡು ಮಡಿಕೆ ಮಾಡಿ, ಕ್ರೋಶಾ ಹೊದಿಕೆಯ ಹಿಂದೆ ಇಟ್ಟು ದಪ್ಪ ನೂಲಿನಲ್ಲಿ ಗೇಣಿಗೊಂದು ಸಾಲು ಟಾಕು ಹಾಕಿದರು. ಕೂಸಿನ ಮೈಗೆ ಹತ್ತಿ, ಹೊರಗೆ ಉಲನ್, ನಡುವೆ ಗಾಳಿ ಸಿಕ್ಕಿಹಾಕಿಕೊಂಡು ಬೆಚ್ಚಗೆ. ಬೆಚ್ಚಗಿಡುವುದು ದಾರವಲ್ಲ, ಅದರೊಳಗೆ ಅಲುಗಾಡದೆ ನಿಂತ ಗಾಳಿ. ಗಾಳಿ ಹಾಯುವ ತೂತು ಇದ್ದರೆ ಎಷ್ಟು ದಪ್ಪ ಉಲನ್ ಆದರೂ ಪ್ರಯೋಜನ ಇಲ್ಲ.

ಉಳಿದದ್ದನ್ನು ಕೂಡಿಸಿ ಹೊಸದು ಮಾಡುವ ವಿದ್ಯೆಯಲ್ಲಿ ಈ ನಾಡಿನ ಹೆಂಗಸರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಇಲ್ಲಿ ಕೌದಿ, ಗಡಿಯಾಚೆ ಕೊಲ್ಹಾಪುರ ಕಡೆಗೆ ವಾಕಳ, ಗೋಧಡಿ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಾಡಿನ ಸಿದ್ದಿ ಹೆಂಗಸರಲ್ಲಿ ಕವಂದಿ. ಸಿದ್ದಿಯರಲ್ಲಿ ಮುಸ್ಲಿಮರು, ಹಿಂದೂಗಳು, ಕ್ರೈಸ್ತರು ಮೂವರೂ ಇದ್ದಾರೆ; ಕವಂದಿ ಹೊಲಿಯುವ ರೀತಿ ಎಲ್ಲರದ್ದೂ ಒಂದೇ. ಅಂಚಿನಿಂದ ಶುರುಮಾಡಿ ಸುತ್ತುತ್ತಾ ನಡುವಿಗೆ ಬರುತ್ತಾರೆ. ನಾಲ್ಕು ಮೂಲೆಗೂ ಬಟ್ಟೆ ಮಡಚಿ ಹೂವು ಇಡುತ್ತಾರೆ. ಆ ಹೂವಿಲ್ಲದೆ ಕವಂದಿ ಮುಗಿದ ಹಾಗಲ್ಲ. ಹರಿದ ಬಟ್ಟೆಯ ಕೆಲಸಕ್ಕೂ ಕೊನೆಯ ಅಂದ ಬೇಕು ಅನ್ನುವ ಮರ್ಯಾದೆ ಅದು.

ಮೊದಲು ದಾರ ಗುರುತಿಸಿ

ಈಗ ಕೆಲಸದ ಮಾತಿಗೆ ಬರೋಣ. ನಮ್ಮ ಪೇಟೆಯಲ್ಲಿ ಉಲನ್ ಅಂತ ಮಾರುವ ದಾರದಲ್ಲಿ ಹೆಚ್ಚಿನದು ಉಣ್ಣೆಯಲ್ಲ, ಆಕ್ರಿಲಿಕ್. ಲೇಬಲ್ ಕಳೆದುಹೋದ ತುಂಡು ದಾರ ಯಾವುದೆಂದು ತಿಳಿಯಲು ಒಂದು ಹಳೆಯ ಉಪಾಯ ಉಂಟು. ಬೆರಳುದ್ದ ದಾರವನ್ನು ಇಕ್ಕಳದಲ್ಲಿ ಹಿಡಿದು, ಕೆಳಗೆ ನೀರಿನ ಬಟ್ಟಲಿಟ್ಟು, ಬೆಂಕಿಗೆ ತೋರಿಸಿ. ಕರಗಿ ಗಟ್ಟಿ ಕಪ್ಪು ಮಣಿಯಾದರೆ ಆಕ್ರಿಲಿಕ್. ಕೂದಲು ಸುಟ್ಟ ವಾಸನೆ ಬಂದು ಬೂದಿ ಬೆರಳಲ್ಲಿ ಪುಡಿಯಾದರೆ ಉಣ್ಣೆ. ಕಾಗದ ಸುಟ್ಟ ಹಾಗೆ ಉರಿದು ಮೆತ್ತಗಿನ ಬೂದಿ ಆದರೆ ಹತ್ತಿ. ಇದನ್ನು ದೊಡ್ಡವರೇ ಮಾಡಬೇಕು, ಮಕ್ಕಳ ಕೈಗೆ ಕೊಡಬೇಡಿ.

ಆಮೇಲೆ ಮೂರು ಗುಂಪು ಮಾಡಿ.

ಹತ್ತಿ ದಾರ: ಬಿಸಿ ಪಾತ್ರೆ ಹಿಡಿಯುವ ಬಟ್ಟೆ, ಪಾತ್ರೆಯ ಕೆಳಗಿಡುವ ಸಿಂಬಿ, ಕೂಸಿನ ಬಾಯಿ ಒರೆಸುವ ಚೌಕ. ಅಡುಗೆಮನೆಗೆ ಆಕ್ರಿಲಿಕ್ ಸಿಂಬಿ ಖಂಡಿತ ಬೇಡ. ಬಿಸಿ ತಳ ತಾಗಿದರೆ ಕರಗಿ ಪಾತ್ರೆಗೂ ಕೈಗೂ ಅಂಟುತ್ತದೆ. ಪಾತ್ರೆ ಉಜ್ಜಲೂ ಆಕ್ರಿಲಿಕ್ ಬೇಡ, ಅದರ ಸಣ್ಣ ಸಣ್ಣ ಪ್ಲಾಸ್ಟಿಕ್ ಎಳೆ ನೀರಿಗೆ ಹೋಗುತ್ತದೆ. ನಮ್ಮ ತೆಂಗಿನ ನಾರು ಇರುವಾಗ ಅದರ ಅಗತ್ಯವೂ ಇಲ್ಲ.

ಆಕ್ರಿಲಿಕ್: ತೋರಣ, ಚೀಲ, ಕಾಲೊರಸು, ದೊಡ್ಡ ಮಕ್ಕಳ ಟೊಪ್ಪಿ, ಅಸ್ತರ ಹಾಕಿದ ಹೊದಿಕೆ. ತೊಳೆಯಲು ಸುಲಭ, ಬೇಗ ಒಣಗುತ್ತದೆ. ಬಿಸಿ ಇಸ್ತ್ರಿ ಮಾತ್ರ ತಾಗಿಸಬೇಡಿ.

ನಾಡ ಕುರಿಯ ಉಣ್ಣೆ: ಈ ಸೀಮೆಯ ಕುರುಬರು ಸಾಕುವ ದಖನಿ ಕುರಿಯ ಉಣ್ಣೆ ಕಂಬಳಿಗೆ ಉತ್ತಮ. ಮಳೆ, ಚಳಿ ಎರಡನ್ನೂ ತಡೆಯುತ್ತದೆ. ಆದರೆ ಒರಟು. ಕೂಸಿನ ಚರ್ಮಕ್ಕೆ ಚುಚ್ಚುತ್ತದೆ. ಅದನ್ನು ಕೂರುವ ಆಸನಕ್ಕೆ, ಕಾಲೊರಸಿಗೆ ಬಳಸಿ.

ಮೊಳಕ್ಕಿಂತ ಗಿಡ್ಡ ತುಂಡುಗಳನ್ನು ಹೆಣಿಕೆಗೆ ಸೇರಿಸಲು ಹೋಗಬೇಡಿ. ಬರೀ ಗಂಟೇ ಆಗುತ್ತದೆ. ಅವನ್ನು ಗೊಂಡೆ ಮಾಡಿ. ಇಲ್ಲಿ ಕಾರ ಹುಣ್ಣಿಮೆಗೆ ಎತ್ತಿನ ಕೊಂಬು, ಕೊರಳಿಗೆ ಗೊಂಡೆ ಬೇಕು. ತೋರಣದ ಕೆಳಗೂ ಗೊಂಡೆ. 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದ ಕೊಲ್ಹಾಪುರಿ ಚಪ್ಪಲಿಗಳಿಗೆ ಅಥಣಿಯೂ ಹೆಸರಾದ ಊರು. ಅಂಥ ಚಪ್ಪಲಿಯ ಮೇಲೆ ಕೆಂಪು ಗೊಂಡೆ ಕೂರಿಸಿದ್ದನ್ನು ನೀವೂ ನೋಡಿರಬಹುದು. ಸಣ್ಣ ತುಂಡಿಗೂ ಜಾಗ ಉಂಟು.

ಸುಲಭದ ಎರಡು ಕೆಲಸ

ಒಂದು, ಚೌಕ. ನಾಲ್ಕು ಸರಪಳಿ ಹಾಕಿ ಉಂಗುರದಂತೆ ಜೋಡಿಸಿ. ಮೂರು ಸರಪಳಿ ಏರಿಸಿ (ಇದು ಒಂದು ಕಂಬದ ಲೆಕ್ಕ), ಉಂಗುರದೊಳಗೆ ಎರಡು ಕಂಬ, ಎರಡು ಸರಪಳಿ. ಮತ್ತೆ ಮೂರು ಕಂಬ, ಎರಡು ಸರಪಳಿ. ಹೀಗೆ ಇನ್ನೂ ಎರಡು ಸಲ. ಜೋಡಿಸಿದರೆ ನಾಲ್ಕು ಮೂಲೆ ಆಯಿತು. ಮುಂದಿನ ಸುತ್ತಿನಲ್ಲಿ ಪ್ರತಿ ಮೂಲೆಯ ಸಂದಿಗೆ ಮೂರು ಕಂಬ, ಎರಡು ಸರಪಳಿ, ಮೂರು ಕಂಬ. ಮೂಲೆಯಿಂದ ಮೂಲೆಗೆ ನಡುವೆ ಒಂದು ಸರಪಳಿ. ಮೂರನೇ ಸುತ್ತಿನಿಂದ ಬದಿಯ ಸಂದಿಗಳಿಗೂ ಮೂರು ಮೂರು ಕಂಬ. ಸುತ್ತಿಗೊಂದು ಬಣ್ಣ ಬದಲಿಸಬಹುದು. ಉಳಿದ ದಾರಕ್ಕೆ ಹೇಳಿ ಮಾಡಿಸಿದ ಕೆಲಸ. ಮಧ್ಯಮ ದಪ್ಪದ ದಾರ, 4 ಮಿಲಿಮೀಟರ್ ಕೊಕ್ಕೆ ಆದರೆ ನಾಲ್ಕು ಸುತ್ತಿಗೆ ಸುಮಾರು 12 ಸೆಂಟಿಮೀಟರ್ ಚೌಕ, ಏಳೆಂಟು ಗ್ರಾಂ ದಾರ. ಆರು ಸಾಲು, ಸಾಲಿಗೆ ಆರು ಚೌಕ ಅಂದರೆ 36 ಚೌಕ. ಮುಕ್ಕಾಲು ಮೀಟರಿಗೆ ಸ್ವಲ್ಪ ಕಡಿಮೆಯ ಕೂಸಿನ ಹೊದಿಕೆ. ಜೋಡಿಸುವ ದಾರವೂ ಸೇರಿ 300ರಿಂದ 350 ಗ್ರಾಂ ಸಾಕು. ಚೌಕಗಳ ಬಣ್ಣ ಹೇಗೇ ಇರಲಿ, ಕೊನೆಯ ಸುತ್ತು ಮತ್ತು ಜೋಡಣೆಯನ್ನು ಒಂದೇ ಬಣ್ಣದಲ್ಲಿ ಮಾಡಿ. ಚಿಂದಿ ಅನಿಸುವುದಿಲ್ಲ, ಒಂದೇ ಕೈಯ ಕೆಲಸ ಅನಿಸುತ್ತದೆ. ಹಿಂದೆ ಅಸ್ತರ ಮರೆಯಬೇಡಿ.

ಎರಡು, ಕೂಸಿನ ಟೊಪ್ಪಿ. ತಿಂಗಳು ತುಂಬಿ ಹುಟ್ಟಿದ ಕೂಸಿನ ತಲೆಯ ಸುತ್ತಳತೆ 33ರಿಂದ 35 ಸೆಂಟಿಮೀಟರ್. ಹೆಣಿಕೆ ಸ್ವಲ್ಪ ಹಿಗ್ಗುವುದರಿಂದ ಟೊಪ್ಪಿ 32 ಸೆಂಟಿಮೀಟರ್ ಇದ್ದರೆ ಸರಿ. ಉಂಗುರದೊಳಗೆ 12 ಕಂಬ. ಎರಡನೇ ಸುತ್ತಿಗೆ ಪ್ರತಿ ಕಂಬದಲ್ಲಿ ಎರಡೆರಡು, 24. ಮೂರನೆಯದಕ್ಕೆ 36, ನಾಲ್ಕನೆಯದಕ್ಕೆ 48. ಈಗ ಬಿಲ್ಲೆಯ ಅಡ್ಡಳತೆ ಸುಮಾರು 10 ಸೆಂಟಿಮೀಟರ್ ಇರಬೇಕು. ಇನ್ನು ಹೆಚ್ಚಿಸದೆ ಕಂಬಕ್ಕೊಂದು ಕಂಬದಂತೆ ಆರೇಳು ಸುತ್ತು ಹೋದರೆ ನೆತ್ತಿಯಿಂದ ಅಂಚಿಗೆ 14 ಸೆಂಟಿಮೀಟರ್ ಆಗುತ್ತದೆ. ಕೊನೆಗೆ ಗಿಡ್ಡ ಕಂಬದ ಒಂದು ಸುತ್ತು. ಒಂದು ಟೊಪ್ಪಿಗೆ 20ರಿಂದ 25 ಗ್ರಾಂ ದಾರ. ಅಡುಗೆಮನೆಯ ಸಣ್ಣ ತಕ್ಕಡಿಯಲ್ಲಿ ಮೊದಲೇ ತೂಗಿ ನೋಡಿದರೆ ಅರ್ಧಕ್ಕೆ ದಾರ ಮುಗಿಯುವ ಪೇಚಾಟ ಇಲ್ಲ. ತಕ್ಕಡಿ ಇಲ್ಲದಿದ್ದರೆ ಉಳಿದ ದಾರದ ಸರಿ ನಡುವಿಗೆ ಸಡಿಲ ಗಂಟು ಹಾಕಿ ಒಂದು ಸುತ್ತು ಹೆಣೆಯಿರಿ. ಗಂಟು ಬರುವ ಮೊದಲೇ ಸುತ್ತು ಮುಗಿದರೆ ಅಂಥದೇ ಇನ್ನೊಂದು ಸುತ್ತಿಗೂ ದಾರ ಉಂಟು ಅಂತ ಅರ್ಥ.

ಕೂಸಿನ ವಸ್ತುವಿಗೆ ಕೆಲವು ಕಟ್ಟುಪಾಡು ಇರಲಿ. ಲಾಡಿ, ಗುಂಡಿ, ಮಣಿ, ಗೊಂಡೆ ಬೇಡ. ಒಳಗಡೆ ಜೋಲುವ ಎಳೆ ಬೇಡ, ಕೂಸಿನ ಬೆರಳಿಗೆ ಎಳೆ ಸುತ್ತಿಕೊಂಡರೆ ರಕ್ತ ನಿಲ್ಲುತ್ತದೆ. ಅದಕ್ಕಾಗಿಯೇ ಕೈಚೀಲ ಹೆಣೆಯುವುದನ್ನು ನಾವು ಬಿಟ್ಟೇಬಿಟ್ಟೆವು. ದಾರದ ತುದಿಯನ್ನು ಗಂಟು ಹಾಕಿ ಕತ್ತರಿಸದೆ, ಐದಾರು ಇಂಚು ಬಿಟ್ಟು ಸೂಜಿಯಲ್ಲಿ ಹೆಣಿಕೆಯೊಳಗೆ ಹಿಂದೆ ಮುಂದೆ ಓಡಿಸಿ. ಕೊಡುವ ಮೊದಲು ತೊಳೆದು ಬಿಸಿಲಿಗೆ ಹಾಕಿ. ಬೆಚ್ಚಗಿನ ಮನೆಯೊಳಗೆ ಮಲಗಿದ ಆರೋಗ್ಯವಂತ ಕೂಸಿಗೆ ಟೊಪ್ಪಿ, ದಪ್ಪ ಹೊದಿಕೆ ಹಾಕಿ ಮುಖ ಮುಚ್ಚುವುದೂ ಅಪಾಯವೇ. ಒಲೆಯ ಹತ್ತಿರದ ವಾಸಕ್ಕಾದರೆ ಆಕ್ರಿಲಿಕ್ ಬಿಟ್ಟು ಮೆತ್ತನೆ ಹತ್ತಿಯದೇ ಕೊಡಿ. ಒಲೆಯಿಂದ ದೂರ ಇಡಬೇಕು ಅಂತ ಬಾಯಿಬಿಟ್ಟು ಹೇಳಿ ಬನ್ನಿ.

ಆ ದಾರ ಯಾರದ್ದು?

ಟೊಪ್ಪಿ ಹೆಣೆಯುವಾಗ ಹತ್ತನೇ ತರಗತಿಯ ಒಬ್ಬ ಹುಡುಗಿ ಒಂದು ಪ್ರಶ್ನೆ ಕೇಳಿದಳು. ಅವಳ ಅಮ್ಮಿ ಅಂಗಡಿಯೊಂದಕ್ಕೆ ತೋರಣ ಮಾಡಿಕೊಡುತ್ತಾರೆ. ದಾರ ಅಂಗಡಿಯವರದ್ದು, ಕೆಲಸ ಇವರದ್ದು. “ಅದರಲ್ಲಿ ಉಳಿದ ದಾರ ತಂದಿದ್ದೇನೆ ಹಜರತ್, ಸವಾಬಿನ ಕೆಲಸಕ್ಕೆ ಅಲ್ಲವಾ, ನಡೆಯುತ್ತದಾ?” ಅಂದಳು.

ನಾವು ಹೇಳಿದೆವು: ಅಂಗಡಿಯವರು ಕೊಟ್ಟ ದಾರ ಅಮಾನತ್ತು. ಅಮಾನತ್ತನ್ನು ಅದರ ಒಡೆಯರಿಗೇ ಮುಟ್ಟಿಸಬೇಕು ಅನ್ನುವುದು ಅನ್ನಿಸಾ ಅಧ್ಯಾಯದ 58ನೇ ಆಯತ್ತಿನ ಆದೇಶ. ಉಳಿದ ದಾರ ಎಷ್ಟೇ ಸಣ್ಣದಾಗಲಿ, ಎಂಥ ಪುಣ್ಯದ ಕೆಲಸಕ್ಕಾಗಲಿ, ಒಂದು ಮಾತು ಕೇಳಿಯೇ ತೆಗೆದುಕೊಳ್ಳಬೇಕು. ಹುಡುಗಿ ಮರುದಿನ ದಾರವನ್ನು ಅಂಗಡಿಗೆ ಒಯ್ದಳು. ಅಂಗಡಿಯವರು ನಕ್ಕು, ಅದನ್ನೂ ಕೊಟ್ಟು, ಮೇಲೆ ಬಿಳಿ ಹತ್ತಿ ದಾರದ ಎರಡು ಉಂಡೆ ಕೊಟ್ಟು ಕಳಿಸಿದರು. ಕೇಳಿದ್ದರಿಂದ ನಷ್ಟವೇನೂ ಆಗಲಿಲ್ಲ.

ಆದರೆ ಅಮಾನತ್ತು ಒಂದೇ ಕಡೆಯದ್ದಲ್ಲ. ದಾರ ಅಂಗಡಿಯವರದ್ದಾದರೆ ದುಡಿಮೆ ಹೆಂಗಸರದ್ದು. ಅದರ ಲೆಕ್ಕವೂ ಸರಿಯಾಗಿ ಮುಟ್ಟಬೇಕು. ಮನೆಯಲ್ಲಿ ಕೂತು ಮಾಡುವ ಕೆಲಸ, ಹೊತ್ತು ಹೋಗದೆ ಮಾಡುತ್ತಾರೆ ಅನ್ನುವ ಮಾತಿನಿಂದ ಎಷ್ಟು ಹೆಂಗಸರ ಕೂಲಿ ಮುಳುಗಿದೆ! ಆಂಧ್ರದ ನರ್ಸಾಪುರದ ಕ್ರೋಶಾ ಲೇಸು ವಿದೇಶಗಳಿಗೆಲ್ಲ ಹೋಗುವಂಥದ್ದು. ಅಲ್ಲಿನ ಹೆಂಗಸರ ಬಗ್ಗೆ ಜರ್ಮನಿಯ ಸಮಾಜಶಾಸ್ತ್ರಜ್ಞೆ ಮಾರಿಯಾ ಮೀಸ್ 1982ರಲ್ಲಿ ಒಂದು ಪುಸ್ತಕವನ್ನೇ ಬರೆದರು. ದಿನಕ್ಕೆ ಆರೆಂಟು ಗಂಟೆ ಕೊಕ್ಕೆ ಹಿಡಿದವರನ್ನು ಕೆಲಸಗಾರರೆಂದು ಎಣಿಸದೆ, ಬಿಡುವಿನ ವೇಳೆ ಕಳೆಯುವ ಗೃಹಿಣಿಯರು ಅಂತ ಕಂಡದ್ದರಿಂದಲೇ ಕೂಲಿ ಅಷ್ಟು ಕಡಿಮೆ ಉಳಿಯಿತು ಅನ್ನುವುದು ಅವರ ವಾದ. ಅದೇ 1982ರಲ್ಲಿ ನಮ್ಮ ನಿಪ್ಪಾಣಿಯ ತಂಬಾಕು ಕಾರ್ಖಾನೆಗಳ ಹೆಂಗಸರು ಸಂಘ ಕಟ್ಟಿ ಎದ್ದು ನಿಂತ ಬಗ್ಗೆ ಬೆಂಗಳೂರಿನ ಯುಗಾಂತರ್ ಎಂಬ ಮಹಿಳಾ ತಂಡ ಒಂದು ಸಾಕ್ಷ್ಯಚಿತ್ರ ತೆಗೆಯಿತು. ಬೀಡಿಯ ಸಾವಿರದ ಲೆಕ್ಕ ಬಲ್ಲ ನಮ್ಮ ಉಮ್ಮಂದಿರಿಗೆ ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ.

ಮಾರಲು ಹೆಣೆಯುವ ಸಹೋದರಿಯರು ಒಂದು ಲೆಕ್ಕ ಇಟ್ಟುಕೊಳ್ಳಿ. ಉದಾಹರಣೆಗೆ ಒಂದು ತೋರಣ 150 ರೂಪಾಯಿಗೆ ಹೋಯಿತು, ದಾರ 60 ರೂಪಾಯಿಯದ್ದು, ಹೆಣೆದದ್ದು ಆರು ಗಂಟೆ ಅಂತ ಇಟ್ಟುಕೊಳ್ಳೋಣ. ಉಳಿದದ್ದು 90, ಅಂದರೆ ಗಂಟೆಗೆ 15 ರೂಪಾಯಿ. ಇದು ಸಾಕಾ ಅಂತ ನೀವೇ ಕೇಳಿಕೊಳ್ಳಿ. ಸ್ವೆಟರ್ ಹೆಣೆಯುವ ಯಂತ್ರ ಉಂಟು, ಕೈಯ ಕ್ರೋಶಾವನ್ನು ಹಾಗೆಯೇ ಮಾಡುವ ಯಂತ್ರ ಪೇಟೆಗೆ ಬಂದಿಲ್ಲ. ಅಂಗಡಿಯಲ್ಲಿ ನಿಜವಾದ ಕ್ರೋಶಾ ಕಂಡರೆ ಅದರ ಹಿಂದೆ ಒಬ್ಬರ ಕೈ ಇದೆ ಅಂತಲೇ ತಿಳಿಯಿರಿ. ಚೌಕಾಸಿ ಮಾಡುವ ಮೊದಲು ಆ ಕೈಯನ್ನು ನೆನೆಯಿರಿ. ಕಾಸರಗೋಡಿನ ತಳಂಗರೆಯ ಹೆಂಗಸರು ಬಿಳಿ ಬಟ್ಟೆಯ ಮೇಲೆ ಸೂಜಿಯಿಂದ ಕುಸುರಿ ಹಾಕಿ ಮಾಡುವ ತೊಪ್ಪಿ ಕಡಲಾಚೆ ಹೋಗಿ ಹೆಸರು ಮಾಡಿದ್ದು ಆ ಕೈಗಳಿಂದಲೇ.

ಹೀಗೆ ಹೆಣೆದು ಬದುಕು ಹಿಡಿದವರ ಕಥೆ ಹೊರಗೂ ಉಂಟು. 1845ರಿಂದ ಐರ್ಲೆಂಡಿನಲ್ಲಿ ಆಲೂಗಡ್ಡೆ ಬೆಳೆ ಕೊಳೆತು ಭೀಕರ ಬರ ಬಿದ್ದಾಗ ಕ್ರೈಸ್ತ ಸನ್ಯಾಸಿನಿಯರ ಮಠಗಳಲ್ಲಿ, ಶಾಲೆಗಳಲ್ಲಿ ಹೆಣ್ಣುಮಕ್ಕಳಿಗೆ ಕ್ರೋಶಾ ಲೇಸು ಕಲಿಸಿದರು. ಎಷ್ಟೋ ಮನೆಗಳ ಹಸಿವು ಅದರಿಂದ ನೀಗಿತು. ನಮ್ಮ ಕಾಲದಲ್ಲಿಯೇ 2016ರ ಜನವರಿ 31ರಂದು ಚೆನ್ನೈಯಲ್ಲಿ ಮದರ್ ಇಂಡಿಯಾಸ್ ಕ್ರೋಶೆ ಕ್ವೀನ್ಸ್ ಎಂಬ ಮಹಿಳೆಯರ ಬಳಗ 11,148.5 ಚದರ ಮೀಟರಿನ ಕ್ರೋಶಾ ಹೊದಿಕೆ ಹಾಸಿ ಗಿನ್ನೆಸ್ ದಾಖಲೆ ಮಾಡಿತು. ಅದೂ ಒಬ್ಬೊಬ್ಬರ ಮನೆಯಿಂದ ಬಂದ ಚೌಕಗಳನ್ನು ಜೋಡಿಸಿದ್ದೇ. ನಮ್ಮ ಮೂವತ್ತಾರು ಚೌಕಕ್ಕೆ ಗಿನ್ನೆಸ್ ಬೇಡ, ಒಂದು ಕೂಸು ಬೆಚ್ಚಗೆ ಮಲಗಿದರೆ ಸಾಕು.

ಎರಡನೇ ಸಲ

ಜನವರಿಯಲ್ಲಿ ನಾವು ಮತ್ತೆ ಹೋದೆವು. ಈ ಸಲ ಬರೀ ಒಂಬತ್ತು ಟೊಪ್ಪಿ, ಒಂದೇ ಹೊದಿಕೆ. ಟೊಪ್ಪಿಗಳು ಬಿಳಿ ಹತ್ತಿ ದಾರದವು, ಅಂಚಿಗೆ ಮಾತ್ರ ಉಳಿದ ಬಣ್ಣಗಳು. ಆ ಬಣ್ಣದ ಎಳೆಯನ್ನೂ ನೋಡಿ ಹತ್ತಿಯದ್ದನ್ನೇ ಆರಿಸಿದ್ದೆವು. ಮೊದಲೇ ಹೋಗಿ ಅಳತೆ ತಂದಿದ್ದೆವು. ಹೊದಿಕೆ ಆಯಿ ಅಸ್ತರ ಹಾಕಿದ ಆ ಹಳೆಯದೇ, ಆದರೆ ನಾಲ್ಕು ಮೂಲೆಗೂ ಹುಡುಗಿಯರು ಬಟ್ಟೆಯ ಹೂವು ಮಡಚಿ ಹೊಲಿದಿದ್ದರು. ಹೊಲದಲ್ಲಿ, ಒಲೆ ಇಲ್ಲದ ಕಡೆ ಹೊದಿಸಿ ಅಂತ ಹೇಳಿಯೇ ಕೊಟ್ಟೆವು. ಆ ತಾಯಿ ಮತ್ತೆ ಸೂರ್ಯನಿಗೆ ಹಿಡಿದು ನೋಡಿದರು. ಬೆಳಕು ಬರಲಿಲ್ಲ. ಏನೂ ಹೇಳದೆ ಕೂಸನ್ನು ಅದರಲ್ಲಿ ಸುತ್ತಿ ಎದೆಗೆ ಒತ್ತಿಕೊಂಡು ಕಬ್ಬಿನ ಗಾಡಿಯ ಕಡೆ ನಡೆದರು. ಅವರಿಗೆ ಕೆಲಸಕ್ಕೆ ಹೊತ್ತಾಗಿತ್ತು.

ಮೊದಲಿನ ಆಕ್ರಿಲಿಕ್ ಟೊಪ್ಪಿಗಳನ್ನು ನಾವು ಕೇಳಿ ವಾಪಸ್ ತಂದೆವು. ಬಿಚ್ಚಿ ದಾರ ಮಾಡಿದೆವು. ಕ್ರೋಶಾದ ಒಂದು ಒಳ್ಳೆಯ ಗುಣ ಇದು: ತಪ್ಪಾದರೆ ತುದಿ ಹಿಡಿದು ಎಳೆದರೆ ಎಲ್ಲ ಬಿಚ್ಚಿಕೊಳ್ಳುತ್ತದೆ, ದಾರ ಹಾಳಾಗುವುದಿಲ್ಲ. ಆ ದಾರ ಈಗ ಮದ್ರಸದ ಮಕ್ಕಳ ಪುಸ್ತಕದ ಚೀಲಗಳಾಗಿವೆ. ಮತ್ತೂ ಉಳಿದದ್ದು ಒಬ್ಬ ರೈತರ ಎತ್ತಿನ ಕೊರಳಲ್ಲಿ ಗೊಂಡೆಯಾಗಿ ತೂಗುತ್ತಿದೆ.

ಈಗ ಮತ್ತೆ ಚಳಿ ಶುರುವಾಗಿದೆ. ನಿಮ್ಮ ಊರಿನಲ್ಲಿ ಕಬ್ಬಿನ ಗುಡಿಸಲು ಇಲ್ಲದಿರಬಹುದು. ಕಟ್ಟಡ ಕೆಲಸದವರ ಶೆಡ್ಡು, ಮೀನು ಬಂದರಿನ ಬದಿಯ ಬಿಡಾರ, ಸರಕಾರಿ ಆಸ್ಪತ್ರೆಯ ಹೆರಿಗೆ ವಾರ್ಡು ಇದ್ದೇ ಇದೆ. ಚೀಲ ಇಳಿಸುವ ಮೊದಲು ಒಮ್ಮೆ ಅಲ್ಲಿಗೆ ಹೋಗಿ ಬನ್ನಿ. ಏನು ಬೇಕು ಅಂತ ಅವರನ್ನೇ ಕೇಳಿ, ಅಳತೆ ತೆಗೆದುಕೊಳ್ಳಿ. ಆಮೇಲೆ ಕೊಕ್ಕೆ ಹಿಡಿಯಿರಿ.